ಪದ ಬೇಕು: ರಿವರ್ಬರೇಷನ್, ಎಕೋ ಎರಡಕ್ಕೂ ‘ಪ್ರತಿಧ್ವನಿ’ ಒಂದೇ ಸಾಕೆ?

ಎಲ್ಲರಿಗೂ ನಮಸ್ಕಾರ.

ಸಭಾಂಗಣಗಳಲ್ಲಿ ಧ್ವನಿವರ್ಧಕ ನಡೆಸುವವರಿಗಾಗಿ ಇರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಆಂಪ್ಲಿಫೈಯರ್ ಇಡುವ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಲು ಒಂದು ಪುಟದ ಸೂಚನೆಯೂ ಇದೆ. ನಾಲ್ಕು ಪದಗಳು ಕೈ ಕಟ್ಟಿಹಾಕಿವೆ: ರಿವರ್ಬರೇಷನ್ (ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗು), ಎಕೋ (ಬೇರೆಯಾಗಿ ತಿರುಗಿ ಕೇಳುವ ಸದ್ದು), ಫೀಡ್‌ಬ್ಯಾಕ್ (ಮೈಕಿನ ಕೀರಲು ಕೂಗು), ಇಂಟೆಲಿಜಿಬಿಲಿಟಿ (ಮಾತು ಎಷ್ಟು ತಿಳಿಯುತ್ತದೆ ಎಂಬುದು).

ಮೊದಲೆರಡಕ್ಕೂ ನನ್ನ ಹತ್ತಿರವಿರುವ ನಿಘಂಟಿನಲ್ಲಿ ‘ಪ್ರತಿಧ್ವನಿ’ ಎಂದೇ ಇದೆ. ಆದರೆ ಮೂಲದಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ, ಬೇರೆಬೇರೆ ಪರಿಹಾರಗಳೊಡನೆ. ರಿವರ್ಬರೇಷನ್‌ಗೆ ‘ಮರುಧ್ವನಿ’ ಎಂದು ಹೊಸದಾಗಿ ಹಾಕಲೇ? ಫೀಡ್‌ಬ್ಯಾಕಿಗೆ ‘ಹಿಮ್ಮಾಹಿತಿ’ ಎಂದಿದೆ. ‘ಮೈಕನ್ನು ಸ್ಪೀಕರಿನ ಎದುರು ಹಿಡಿದರೆ ಹಿಮ್ಮಾಹಿತಿ ಉಂಟಾಗುತ್ತದೆ’ ಎಂದು ಬರೆದು ಓದಿಕೊಂಡೆ. ಯಾರಿಗೂ ಅರ್ಥವಾಗುವುದಿಲ್ಲ.

ದಯವಿಟ್ಟು ಬೇಗ ತಿಳಿಸಿ.
– ವಿ.

*

‘ಮರುಧ್ವನಿ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತವನ್ನು ಗಂಟುಹಾಕಿದ್ದು. ಬಿಡಿ.

ರಿವರ್ಬರೇಷನ್ ಅಂದರೆ ಅನುರಣನ. ಎಕೋ ಅಂದರೆ ಪ್ರತಿಧ್ವನಿ. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ. ‘ರಣ್’ ಧಾತುವಿಗೆ ಸದ್ದು ಮಾಡು ಎಂಬ ಅರ್ಥ. ‘ಅನು’ ಎಂದರೆ ಹಿಂದೆಯೇ, ಬೆನ್ನಿಗೇ. ಗಂಟೆ ಹೊಡೆದಾದ ಮೇಲೂ ಉಳಿಯುವ ನಾದಕ್ಕೆ ನಮ್ಮ ಅಲಂಕಾರಶಾಸ್ತ್ರದವರು ಸಾವಿರ ವರ್ಷಗಳ ಹಿಂದೆಯೇ ಈ ಪದ ಬಳಸಿದ್ದಾರೆ, ವಾಚ್ಯಾರ್ಥದ ಬೆನ್ನಿಗೇ ಹೊಮ್ಮುವ ವ್ಯಂಗ್ಯಾರ್ಥವನ್ನು, ಅಂದರೆ ಸೂಚಿತ ಅರ್ಥವನ್ನು, ವಿವರಿಸುವುದಕ್ಕೆ. ಸಿದ್ಧವಾಗಿರುವ ಪದವನ್ನು ಬಿಟ್ಟು ಹೊಸದನ್ನು ಹುಟ್ಟಿಸುವ ಚಟ ಏಕೆ?
– ಎಸ್. ಆರ್.

*

ಪೆಟ್ಟಿಗೆಯ ಬಾಗಿಲಿಗೆ ಅಂಟಿಸುವ ಚೀಟಿಗೆ ಅಲಂಕಾರಶಾಸ್ತ್ರವೇ? ಮೈಕು ಹಿಡಿಯುವ ಹುಡುಗ ‘ಅನುರಣನ’ ಓದಿ ಏನು ಮಾಡಬೇಕು?

ಎಕೋಗೆ ‘ಮಾರ್ದನಿ’ ಇದೆ. ರಿವರ್ಬರೇಷನ್‌ಗೆ ‘ಉಳಿದನಿ’ ಎನ್ನಿ: ಉಳಿಯುವ ದನಿ ಉಳಿದನಿ. ಫೀಡ್‌ಬ್ಯಾಕಿಗೆ ‘ಊಳು’. ಇಂಟೆಲಿಜಿಬಿಲಿಟಿಗೆ ‘ಮಾತಿನ ತಿಳಿವು’. ನಾಲ್ಕೂ ಕನ್ನಡದವು, ನಾಲ್ಕನ್ನೂ ಬಾಯಿ ತೊದಲದೆ ಹೇಳಬಹುದು.
– ಚಂ.

*

‘ಕನ್ನಡದವು’ ಎಂಬ ಮಾತಿಗೆ ಮಾತ್ರ ಉತ್ತರ. ದನಿ ಎಂಬುದು ಧ್ವನಿಯ ತದ್ಭವ. ಮಾರ್ದನಿಯಲ್ಲಿ ಅರ್ಧ ಸಂಸ್ಕೃತ. ಇನ್ನು ‘ಉಳಿದನಿ’. ಅದನ್ನು ಅಚ್ಚಿನಲ್ಲಿ ನೋಡಿದವನು ‘ಉಳಿದ’ ಎಂದು ಓದಿ ‘ನಿ’ಯ ಮುಂದೆ ನಿಂತುಬಿಡುತ್ತಾನೆ, ಬಡಗಿಯಾಗಿದ್ದರೆ ಉಳಿಯ ಸದ್ದು ಎಂದುಕೊಳ್ಳುತ್ತಾನೆ.
– ಎಸ್. ಆರ್.

*

ನಾನು ಭಾಷಾವಿದ್ವಾಂಸನಲ್ಲ, ಸ್ಪೀಕರ್ ವ್ಯವಸ್ಥೆ ವಿನ್ಯಾಸ ಮಾಡುವವನು. ವಿ. ಅವರ ಪ್ರಶ್ನೆ ನಿಘಂಟಿನ ಸೂಕ್ಷ್ಮವೆಂದು ಯಾರೂ ತಿಳಿಯಬಾರದು. ಎರಡಕ್ಕೂ ಒಂದೇ ಪದ ಹಾಕಿದರೆ ಓದಿದವನು ತಪ್ಪು ಗುಂಡಿ ತಿರುಗಿಸುತ್ತಾನೆ. ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಎಕೋ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಒಂದೊಂದು ಮೀಟರಿಗೂ ಹತ್ತಿರಹತ್ತಿರ 3 ಮಿಲಿಸೆಕೆಂಡು. ಉದ್ದನೆಯ ಸಭಾಂಗಣದಲ್ಲಿ ವೇದಿಕೆಯ ಬಳಿ ಒಂದು ಜೊತೆ ಸ್ಪೀಕರ್, 30 ಮೀಟರ್ ಹಿಂದೆ ಇನ್ನೊಂದು ಜೊತೆ ಇದೆ ಎನ್ನಿ. ವಯರಿನಲ್ಲಿ ಹೋಗುವ ಸಂಕೇತ ಹಿಂದಿನ ಸ್ಪೀಕರಿಗೆ ಆ ಕ್ಷಣವೇ ಮುಟ್ಟುತ್ತದೆ. ವೇದಿಕೆಯ ಸ್ಪೀಕರಿನ ಶಬ್ದ ಗಾಳಿಯಲ್ಲಿ ಅಲ್ಲಿಗೆ ಬರಲು ಸುಮಾರು 87 ಮಿಲಿಸೆಕೆಂಡು ಹಿಡಿಯುತ್ತದೆ. ಮಾತಿನಲ್ಲಿ ಎರಡನೆಯ ಪ್ರತಿ ಸುಮಾರು 50 ಮಿಲಿಸೆಕೆಂಡಿಗಿಂತ ತಡವಾಗಿ, ಸಾಕಷ್ಟು ಜೋರಾಗಿ ಬಂದರೆ ಕಿವಿ ಅದನ್ನು ಬೇರೆ ಸದ್ದಾಗಿ ಎಣಿಸುತ್ತದೆ. ಹಾಗಾಗಿ ಹಿಂದಿನ ಸಾಲಿನವನಿಗೆ ಪ್ರತಿಯೊಂದು ಮಾತೂ ಎರಡು ಸಲ ಕೇಳುತ್ತದೆ. ಪರದೆ ಕಟ್ಟಿ, ಕಂಬಳಿ ಹಾಸಿ ಪ್ರಯೋಜನವಿಲ್ಲ. ಹಿಂದಿನ ಸ್ಪೀಕರಿಗೆ ಹೋಗುವ ಸಂಕೇತವನ್ನು 87ರ ಜೊತೆಗೆ ಇನ್ನೂ 10–15 ಮಿಲಿಸೆಕೆಂಡು ತಡೆಯಬೇಕು. ಆಗ ವೇದಿಕೆಯ ಶಬ್ದ ಮೊದಲು ಬರುತ್ತದೆ, ಹಿಂದಿನ ಸ್ಪೀಕರ್ ಅದಕ್ಕೆ ಬಲ ಕೊಡುತ್ತದೆ, ಕಿವಿಗೆ ಮಾತೆಲ್ಲ ವೇದಿಕೆಯಿಂದಲೇ ಬಂದ ಹಾಗಿರುತ್ತದೆ. ಕಿವಿಯ ಈ ಗುಣವನ್ನು 1949ರಲ್ಲಿ ಹೆಲ್ಮುಟ್ ಹಾಸ್ ತಮ್ಮ ಸಂಶೋಧನೆಯಲ್ಲಿ ತೋರಿಸಿದರು. ನಮ್ಮ ಕೆಲಸದಲ್ಲಿ ಅದು ದಿನನಿತ್ಯದ ಆಧಾರ.

ರಿವರ್ಬರೇಷನ್ ಇದಲ್ಲ. ಅಲ್ಲಿ ಎರಡನೆಯ ಪ್ರತಿ ಎಂದು ಬೆರಳಿಟ್ಟು ತೋರಿಸಲು ಯಾವುದೂ ಸಿಗುವುದಿಲ್ಲ. ಗೋಡೆ, ಚಾವಣಿ, ನೆಲ, ಗಾಜಿಗೆ ಬಡಿದು ಬಂದ ಸಾವಿರಾರು ಪ್ರತಿಫಲನಗಳು ಒಂದರೊಳಗೊಂದು ಬೆರೆತು ನಿಧಾನವಾಗಿ ಸೋರಿಹೋಗುತ್ತವೆ. ಸದ್ದು ನಿಂತ ಮೇಲೆ ಅದು 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವೇ ಅದರ ಅಳತೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ತಿಳಿಯುತ್ತಿಲ್ಲವೆಂದು 1895ರಲ್ಲಿ ಅಲ್ಲಿನ ಭೌತವಿಜ್ಞಾನಿ ವ್ಯಾಲೇಸ್ ಸಬೀನ್ ಅವರಿಗೆ ಅದನ್ನು ಸರಿಪಡಿಸುವ ಕೆಲಸ ಒಪ್ಪಿಸಿದರು. ಅವರು ಪಕ್ಕದ ರಂಗಮಂದಿರದಿಂದ ಕುರ್ಚಿಯ ದಿಂಬುಗಳನ್ನು ತರಿಸಿ, ರಾತ್ರಿ ಹೊತ್ತು ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ಸದ್ದು ಅಡಗುವ ತನಕ ಎಣಿಸಿದರು. ದಿಂಬು ಹೆಚ್ಚಿದ ಹಾಗೆ ಕಾಲ ಇಳಿಯಿತು. ಕೋಣೆಯ ಘನ ಅಳತೆ ಹೆಚ್ಚಿದರೆ ಅನುರಣನ ಹೆಚ್ಚು, ಹೀರುವ ಮೈ ಹೆಚ್ಚಿದರೆ ಕಡಿಮೆ ಎಂಬ ಅವರ ಸೂತ್ರವನ್ನು ಇಂದಿಗೂ ಬಳಸುತ್ತೇವೆ.

ಇದು ಮಾತನ್ನು ಹೇಗೆ ಕೆಡಿಸುತ್ತದೆಂಬುದು ಇಲ್ಲಿನವರಿಗೆ ಹಿಡಿಸಬಹುದು. ಸ್ವರಗಳಲ್ಲಿ ಶಕ್ತಿ ಹೆಚ್ಚು, ವ್ಯಂಜನಗಳಲ್ಲಿ ಕಡಿಮೆ. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನದ ಮೇಲೆ ಕವಿಯುತ್ತದೆ. ‘ಕಡೆ’, ‘ತಡೆ’, ‘ಪಡೆ’ ಮೂರೂ ‘…ಅಡೆ’ ಆಗಿ ಕೇಳುತ್ತವೆ. ನೆದರ್ಲೆಂಡ್ಸಿನ ಪೋಟ್ಸ್ ಎಂಬುವರು 1971ರಲ್ಲಿ ಕೇಳುಗರಿಗೆ ನೂರಕ್ಕೆ ಎಷ್ಟು ವ್ಯಂಜನ ತಪ್ಪಿಹೋಯಿತು ಎಂಬುದನ್ನೇ ಅಳತೆಗೋಲು ಮಾಡಿದರು. 15ಕ್ಕಿಂತ ಹೆಚ್ಚು ಕಳೆದುಹೋದರೆ ಆ ವ್ಯವಸ್ಥೆ ಸಲ್ಲದು. ಈಗ ಹೆಚ್ಚು ಬಳಕೆಯಲ್ಲಿರುವುದು 0ಯಿಂದ 1ರವರೆಗಿನ ಇನ್ನೊಂದು ಸೂಚ್ಯಂಕ. ತುರ್ತು ಪ್ರಕಟಣೆಗಳಿಗೆ ಸಾಮಾನ್ಯವಾಗಿ 0.5 ಆದರೂ ಇರಬೇಕೆನ್ನುತ್ತಾರೆ.

ಇಲ್ಲಿ ‘ಕೇಳಿಸುತ್ತಿಲ್ಲ’ ಎಂದು ಯಾರೋ ಕೂಗಿದೊಡನೆ ಎಲ್ಲರೂ ಮಾಡುವುದು ಒಂದೇ: ವಾಲ್ಯೂಮ್ ಏರಿಸುತ್ತಾರೆ. ಏರಿಸಿದರೆ ನೇರವಾಗಿ ಬರುವ ಶಬ್ದವೂ ಅನುರಣನವೂ ಸಮಸಮ ಏರುತ್ತವೆ, ವ್ಯಂಜನ ಅಲ್ಲಿಯೇ ಮುಳುಗಿರುತ್ತದೆ. ಸಂಕೇತವನ್ನು ತಡಮಾಡುವ ತಡೆಗುಂಡಿ ತಿರುಗಿಸಿಯೂ ಉಪಯೋಗವಿಲ್ಲ. ಸ್ಪೀಕರನ್ನು ಕಿವಿಯ ಹತ್ತಿರ ತರಬೇಕು, ಅಥವಾ ಶಬ್ದವನ್ನು ಜನರ ಕಡೆಗಷ್ಟೇ ಕಳಿಸುವ, ಚಾವಣಿಗೆ ಚೆಲ್ಲದ ಉದ್ದಕಂಬದ ಸ್ಪೀಕರ್ ಹಾಕಬೇಕು, ಇಲ್ಲವೇ ಗೋಡೆಗೆ ಸದ್ದು ಹೀರುವ ಹೊದಿಕೆ ಕೊಡಬೇಕು. ಬಯಲಿನಲ್ಲಿ ಇದರ ಕಾಟವೇ ಇಲ್ಲ, ಅಲ್ಲಿ ದೂರದ ಕಟ್ಟಡದಿಂದ ತಿರುಗಿ ಬರುವ ಎಕೋ ಕಾಡುತ್ತದೆ. ಕಲ್ಲು, ಗಾಜಿನ ದೊಡ್ಡ ಹಜಾರದಲ್ಲಿ ಎರಡೂ ಕಾಡಬಹುದು.

ಪದ ಯಾವುದಾದರೂ ಸರಿ, ಎರಡು ಬೇಕು.
– ಮ.

*

ಮ. ಅವರು ಬರೆದದ್ದನ್ನು ಓದಿದರೆ ಉಪಸರ್ಗಗಳೇ ತೀರ್ಪು ಹೇಳುತ್ತವೆ. ‘ಪ್ರತಿ’ ಅಂದರೆ ತಿರುಗಿ, ಎದುರಾಗಿ: ಬೇರೆಯಾಗಿ ಮರಳಿ ಬಂದದ್ದು ಪ್ರತಿಧ್ವನಿ. ‘ಅನು’ ಅಂದರೆ ಬೆನ್ನು ಬಿಡದೆ: ಸೋರಿಹೋಗುವ ತನಕ ಹಿಂಬಾಲಿಸುವುದು ಅನುರಣನ. ಚಂ. ಅವರ ಮಾರ್ದನಿಯೂ ಮಾರ್ನುಡಿಯ ಹಾಗೆ ಎದುರು ಬರುವುದೇ, ಆದ್ದರಿಂದ ಎಕೋಗೆ ಅದು ಸಲ್ಲುತ್ತದೆ. ಒಂದು ಎಚ್ಚರ: ಕೆಲವರು ಅನುರಣನವನ್ನು ರೆಸೊನೆನ್ಸಿಗೂ (ಒಂದರ ಕಂಪನಕ್ಕೆ ಇನ್ನೊಂದು ಸ್ಪಂದಿಸಿ ಜೋರಾಗಿ ಕಂಪಿಸುವುದಕ್ಕೂ) ಬಳಸುತ್ತಾರೆ. ಅದಕ್ಕೆ ‘ಅನುನಾದ’ ಇದೆ. ಕೈಪಿಡಿಯಲ್ಲಿ ಅವೆರಡು ಬೆರೆಯಬಾರದು.
– ಎಸ್. ಆರ್.

*

ಯಾವಾಗಲೂ ಹೀಗೆಯೇ. ಸಂಸ್ಕೃತದಿಂದ ತಂದರೆ ಸಿದ್ಧಪದ, ಕನ್ನಡದಲ್ಲಿ ಕಟ್ಟಿದರೆ ಚಟ. ದನಿ ತದ್ಭವವೆಂದು ನನಗೂ ಗೊತ್ತು. ಕನ್ನಡದ ಬಾಯಿಗೆ ಒಗ್ಗಿದೆ, ಅದೇ ಸಾಕು. ಅನುರಣನ ಒಗ್ಗಿದೆಯೇ? ಎಷ್ಟು ಜನ ಹೇಳುತ್ತಾರೆ?
– ಚಂ.

*

ಒಗ್ಗುವುದೇ ಅಳತೆಯಾದರೆ ಇಂಗ್ಲಿಷ್ ಪದಗಳನ್ನು ಏಕೆ ದೂರ ಇಡುತ್ತೀರಿ? ಮೈಕಿಗೆ, ಸ್ಪೀಕರಿನ, ವಯರನ್ನು – ಎಲ್ಲ ವಿಭಕ್ತಿಯೂ ಹತ್ತಿದೆ. ವಿಭಕ್ತಿ ಹತ್ತಿದ ಪದ ನಮ್ಮದು. ‘ಮೈಕಿನಲ್ಲಿ ಹಾಡು ಹಾಕಿದ್ದಾರೆ’ ಎಂದಾಗ ಮೈಕು ಅಂದರೆ ಸ್ಪೀಕರೇ. ಇಂಗ್ಲಿಷಿನವರಿಗೆ ಇಲ್ಲದ ಅರ್ಥವನ್ನು ನಾವು ಕೊಟ್ಟಿದ್ದೇವೆ. ಫೀಡ್‌ಬ್ಯಾಕ್ ಹಾಗೆಯೇ ಇರಲಿ. ಫ್ರೆಂಚರೂ ಇಟಾಲಿಯನ್ನರೂ ಆ ಕೂಗನ್ನು ‘ಲಾರ್ಸೆನ್’ ಎನ್ನುತ್ತಾರೆ, ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಿಂದ. ಅವರ ಭಾಷೆ ಮುಳುಗಲಿಲ್ಲ.
– ಗಿ.

*

ರಿವರ್ಬರೇಷನ್ನಿಗೆ, ರಿವರ್ಬರೇಷನ್ನಿನ, ರಿವರ್ಬರೇಷನ್ನನ್ನು. ವಿಭಕ್ತಿ ಹತ್ತಿತು. ನಿಮ್ಮದಾಯಿತೇ? ಆ ಕೂಗಿಗೆ ನಾಯಿಯ ಊಳು ಸಾಲದೆ ಡೆನ್ಮಾರ್ಕಿಗೆ ಹೋಗಬೇಕೇ?
– ಚಂ.

*

ಎಲ್ಲರಿಗೂ ಒಂದು ವಿನಂತಿ: ಧ್ವನಿವರ್ಧಕ ಎಂಬ ಪದವನ್ನೂ ನೋಡಿ. ಶಬ್ದಸಂಕೇತವನ್ನು ವರ್ಧಿಸುವುದು ಆಂಪ್ಲಿಫೈಯರ್, ಸ್ಪೀಕರ್ ಅಲ್ಲ. ಸ್ಪೀಕರ್ ವಿದ್ಯುತ್ತನ್ನು ಶಬ್ದ ಮಾಡುತ್ತದೆ, ಅಷ್ಟೇ. ಪೆಟ್ಟಿಗೆಯ ಮೇಲಿನ ಸೂಚನೆಯಲ್ಲಿ ‘ಧ್ವನಿವರ್ಧಕವನ್ನು ಆಫ್ ಮಾಡಿ’ ಎಂದರೆ ಯಾವುದನ್ನು? ಇಡೀ ವ್ಯವಸ್ಥೆಗೆ ಧ್ವನಿವರ್ಧಕ ಇರಲಿ, ಬಿಡಿ ಉಪಕರಣಗಳಿಗೆ ಸ್ಪೀಕರ್, ಆಂಪ್ಲಿಫೈಯರ್ ಎಂದೇ ಬರೆಯಿರಿ.

ಫೀಡ್‌ಬ್ಯಾಕಿಗೆ ಕೆಲಸದವರ ಬಾಯಲ್ಲಿ ‘ಮೈಕು ಕೂಗುತ್ತಿದೆ’ ಎಂದೇ ಇದೆ. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಬಂದು, ಸುತ್ತು ಬೆಳೆದು ಕೂಗುತ್ತದೆ. ಹಿಮ್ಮಾಹಿತಿ ಎಂಬುದು ಅಭಿಪ್ರಾಯ ಕೇಳುವಾಗಿನ ಪದ, ಇಲ್ಲಿ ತಪ್ಪು. ಇಂಟೆಲಿಜಿಬಿಲಿಟಿಗೆ ಚಂ. ಅವರ ‘ಮಾತಿನ ತಿಳಿವು’ ಬಹಳ ಚೆನ್ನಾಗಿದೆ. ‘ಸ್ಪಷ್ಟತೆ’ ಸಂಗೀತಕ್ಕೂ ಸಲ್ಲುತ್ತದೆ, ಇದು ಮಾತಿಗೇ ಮೀಸಲು.
– ಮ.

*

ಉಪಕಾರವಾಯಿತು. ಸೂಚನೆಯ ಸಾಲುಗಳನ್ನು ಹೀಗೆ ಕೂರಿಸಿದ್ದೇನೆ:

ಮೈಕನ್ನು ಸ್ಪೀಕರಿನ ಎದುರು ಹಿಡಿಯಬೇಡಿ, ಕೂಗು ಬರುತ್ತದೆ.
ಮಾತು ಎರಡು ಸಲ ಕೇಳಿದರೆ ಅದು ಮಾರ್ದನಿ. ಹಿಂದಿನ ಸ್ಪೀಕರಿನ ತಡೆ ಸರಿಪಡಿಸಿ.
ಮಾತು ಕಲಸಿಕೊಂಡು ಕೇಳಿದರೆ ಅದು ಅನುರಣನ. ವಾಲ್ಯೂಮ್ ಏರಿಸಬೇಡಿ, ದೂರದ ಸ್ಪೀಕರಿನ ಸದ್ದನ್ನು ಇಳಿಸಿ, ಹತ್ತಿರದ್ದನ್ನು ಬಳಸಿ.

ಕೈಪಿಡಿಯ ಒಳಗೆ ಮಾತಿನ ತಿಳಿವು, ಅನುರಣನಕಾಲ ಎಂದು ಬಳಸಿದ್ದೇನೆ. ಬೆಳಿಗ್ಗೆ ಹತ್ತರೊಳಗೆ ಯಾರಾದರೂ ತಿದ್ದಿದರೆ ಸೇರಿಸಿಕೊಳ್ಳುತ್ತೇನೆ.
– ವಿ.

*

ಅನುರಣನಕ್ಕೆ ನನ್ನ ಒಪ್ಪಿಗೆ ಇಲ್ಲ. ‘ಕಲಸುದನಿ’ ಎನ್ನಿ, ನಿಮ್ಮ ಮೂರನೆಯ ಸಾಲಿನಲ್ಲಿಯೇ ‘ಕಲಸಿಕೊಂಡು’ ಇದೆ.
– ಚಂ.

*

ಬೇಡ.
– ಎಸ್. ಆರ್.