ಬಾಸ್ಕರ್‌ವಿಲ್ ಪುಸ್ತಕ: ಒರಟು ಕಾಗದದ ಮೇಲೆ ತೆಳುಗೆರೆ ಉಳಿಯುತ್ತಿಲ್ಲ

ಪ್ರಶ್ನೆ:
ಬಾಸ್ಕರ್‌ವಿಲ್ ಎಂಬ ಇಂಗ್ಲಿಷ್ ಅಚ್ಚಕ್ಷರ ಶೈಲಿಯ ಅಂದವನ್ನು ತೋರಿಸಲೆಂದೇ ಪುಟ್ಟ ಪುಸ್ತಕವೊಂದನ್ನು ಕಟ್ಟುತ್ತಿದ್ದೇನೆ. 24 ಪುಟ, ದಾರದ ಹೊಲಿಗೆ, ಪುಟಕ್ಕೊಂದೇ ಅಕ್ಷರ, ಅದರ ಕೆಳಗೆ 14 ಪಾಯಿಂಟಿನಲ್ಲಿ ನಾಲ್ಕು ಸಾಲು. ಹತ್ತಿ ಚಿಂದಿಯಿಂದ ಕೈಯಲ್ಲಿ ತಯಾರಿಸಿದ ಒರಟು ಕಾಗದದ ಮೇಲೆ ಇಂಕ್‌ಜೆಟ್‌ನಲ್ಲಿ ಮುದ್ರಿಸಿದೆ. ಸಣ್ಣಕ್ಷರಗಳ ಅಂಚಿಗೆಲ್ಲ ರೋಮ ಎದ್ದಂತಿದೆ. ಇಂಗ್ಲಿಷಿನ ಸಣ್ಣ ‘ಜಿ’ಯ ಕೆಳಸುತ್ತು ಕೂಡದೆ ತೆರೆದೇ ಇರಬೇಕು; ಆ ಸಂದಿಯೇ ಮುಚ್ಚಿಹೋಗಿದೆ. ಫಾಂಟ್ ಲಿಬ್ರೆ ಬಾಸ್ಕರ್‌ವಿಲ್. ದೋಷ ಪ್ರಿಂಟರಿನದೇ?

ಉತ್ತರ 1:
ಮೊದಲು ಅದೇ ಪುಟವನ್ನು ನುಣುಪಾದ ಕಾಗದದ ಮೇಲೆ ಮುದ್ರಿಸಿ ನೋಡಿ. ಅಲ್ಲಿ ಸಂದಿ ತೆರೆದಿದ್ದರೆ ಪ್ರಿಂಟರ್ ಸರಿಯಿದೆ ಎಂದರ್ಥ. ಶಾಯಿ ಹರಡದಂತೆ ತಡೆಯುವ ಅಂಟು ಕಡಿಮೆಯಿರುವ ಕಾಗದ ಶಾಯಿಯನ್ನು ಹೀರಿ, ನಾರುಗಳಗುಂಟ ಹರಡಿಸುತ್ತದೆ. ಈ ಅಕ್ಷರಗಳನ್ನು ರೂಪಿಸಿದ ಮುದ್ರಕ ಜಾನ್ ಬಾಸ್ಕರ್‌ವಿಲ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಈ ತೆಳುಗೆರೆಗಳಿಗಾಗಿ ಪಟ್ಟ ಪಾಡು ಸಣ್ಣದಲ್ಲ. ಅವನು 1757ರಲ್ಲಿ ಅಚ್ಚು ಹಾಕಿದ ವರ್ಜಿಲನ ಕಾವ್ಯಕ್ಕೆ ಅಚ್ಚಿನ ಜಾಲರಿಯ ಗೆರೆಗಳು ಮೂಡದ ಹೊಸ ಬಗೆಯ ನಯ ಕಾಗದವನ್ನೂ ಬಳಸಿದ. ಮುದ್ರಿಸಿದ ಹಾಳೆಗಳನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿ ಹೊಳಪು ತರಿಸಿದ. ಹೀಗೆ ನುಣುಪನ್ನೇ ನಂಬಿ ಹುಟ್ಟಿದ ಅಕ್ಷರವನ್ನು ಒರಟು ಹಾಳೆಗೆ ಒಪ್ಪಿಸಬೇಡಿ. ಕೈಕೆಲಸದ ಸೊಗಸು ಹೊದಿಕೆಯಲ್ಲಿ, ಹೊಲಿಗೆಯಲ್ಲಿ ಕಾಣಲಿ.

ಉತ್ತರ 2:
ಒಪ್ಪುತ್ತೇನೆ, ಆದರೆ ಫಾಂಟನ್ನೂ ಬದಲಿಸಿ, ಬಾಸ್ಕರ್‌ವಿಲ್‌ನದೇ ಬೇರೊಂದು ಫಾಂಟ್ ಆರಿಸಿ. ಲಿಬ್ರೆ ಬಾಸ್ಕರ್‌ವಿಲ್ ಪರದೆಯ ಮೇಲೆ ಓದಲೆಂದು ರೂಪಿಸಿದ್ದು. 1941ರ ಅಮೆರಿಕದ ಅಚ್ಚುಮೊಳೆಗಳನ್ನು ಆಧರಿಸಿದ್ದರೂ ಅದರ ಸಣ್ಣಕ್ಷರಗಳು ಇನ್ನೂ ಎತ್ತರ, ಗೆರೆಗಳ ದಪ್ಪ-ತೆಳುವಿನ ಅಂತರ ಇನ್ನೂ ಕಡಿಮೆ. ಓದಲು ಹಿತ, ನಿಜ. ಆದರೆ ನಿಮ್ಮ ಪುಸ್ತಕದ ಜೀವವೇ ಆ ಅಂತರ. ‘ಕ್ಯೂ’ವಿನ ಬಾಲಕ್ಕೆ ಇಡೀ ಪುಟ ಕೊಡಿ, ಸುತ್ತ ಧಾರಾಳವಾಗಿ ಖಾಲಿ ಬಿಡಿ. ಶೀರ್ಷಿಕೆ ಪುಟದಲ್ಲಿ ದೊಡ್ಡಕ್ಷರಗಳ ನಡುವೆಯೂ ಜಾಗ ಹೆಚ್ಚಿಸಿ; ಬಾಸ್ಕರ್‌ವಿಲ್ ಮಾಡಿದ್ದೂ ಹಾಗೆಯೇ. ಅಲಂಕಾರದ ಅಂಚುಪಟ್ಟಿ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ನುಣುಪು ಕಾಗದದಲ್ಲಿ ‘ಜಿ’ ತೆರೆದುಕೊಂಡಿತು! ಭೂತಗನ್ನಡಿ ಹಿಡಿದು ನೋಡಿದೆ, ಕೂದಲೆಳೆಯಷ್ಟು ಸಂದಿ ಸ್ಪಷ್ಟವಾಗಿದೆ. ಒರಟು ಹಾಳೆಗಳನ್ನು ಹೊದಿಕೆಗೆ ಎತ್ತಿಟ್ಟಿದ್ದೇನೆ. ಬೇರೆ ಫಾಂಟಿನಲ್ಲಿ ‘ಕ್ಯೂ’ ಪುಟವನ್ನು ನಾಳೆ ಮುದ್ರಿಸಿ, ಚಿತ್ರ ಹಾಕುತ್ತೇನೆ.