ಐಸಿ (ಚಿಪ್) ಇಲ್ಲದೆ ಹೆಡ್‌ಫೋನ್ ಆಂಪ್ಲಿಫೈಯರ್: ಮೆಲ್ಲಗಿನ ಸ್ವರ ಒಡೆಯುತ್ತಿದೆ, ಮಾಡಿದವರು ಹೇಳಿ

ಕೇಳಿದವರು, ಹಾಸನ:
ಬರೀ ಟ್ರಾನ್ಸಿಸ್ಟರ್‌ಗಳಲ್ಲೇ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಮಾಡುತ್ತಿದ್ದೇನೆ. 12 ವೋಲ್ಟ್ ಸಪ್ಲೈ, ಮುಂದೆ ಬಿಸಿ547 ಟ್ರಾನ್ಸಿಸ್ಟರ್, ಔಟ್‌ಪುಟ್‌ಗೆ ಬಿಡಿ139 ಮತ್ತು ಬಿಡಿ140 ಜೋಡಿ. ಹೆಡ್‌ಫೋನ್ 32 ಓಮ್. ಜೋರಾದ ಹಾಡು ಪರವಾಗಿಲ್ಲ, ಮೆಲ್ಲಗಿನ ಕೊಳಲು ಮಾತ್ರ ಒಡೆದು ಕೇಳುತ್ತದೆ. ಏನು ಮಾಡಲಿ?

ಹಾಸನದ ಇನ್ನೊಬ್ಬರು:
ಔಟ್‌ಪುಟ್ ಜೋಡಿಯ ಎರಡೂ ಬೇಸ್ (ಕರೆಂಟನ್ನು ಹತೋಟಿ ಮಾಡುವ ಕಾಲು) ನೇರವಾಗಿ ಸೇರಿಸಿದ್ದೀರಿ ಅಲ್ವಾ? ಬೇಸ್‌ಗೆ ಸುಮಾರು 0.6 ವೋಲ್ಟ್ ಸಿಗುವವರೆಗೆ ಟ್ರಾನ್ಸಿಸ್ಟರ್ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಅಲೆ ಸೊನ್ನೆ ದಾಟುವಾಗ ಎರಡೂ ಸುಮ್ಮನಿರುತ್ತವೆ. ಜೋರು ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ, ಮೆಲ್ಲಗಿನ ಸ್ವರದಲ್ಲಿ ಎದ್ದು ಕಾಣುತ್ತದೆ.

ಆ ವೋಲ್ಟೇಜ್ ಸದಾ ಸಿಗುವಂತೆ ಬೇಸ್‌ಗಳ ನಡುವೆ ಎರಡು 1ಎನ್4148 ಡಯೋಡ್ ಒಂದರ ಹಿಂದೆ ಒಂದು ಹಾಕಿ. ಎರಡೂ ಎಮಿಟರ್‌ಗೆ (ಔಟ್‌ಪುಟ್ ಕಡೆಯ ಕಾಲಿಗೆ) 4.7 ಓಮ್ ರೆಸಿಸ್ಟರ್ ಕೊಡಿ. ಡಯೋಡ್‌ಗಳನ್ನು ದೂರ ಎಲ್ಲೋ ಬೆಸೆಯಬೇಡಿ, ಟ್ರಾನ್ಸಿಸ್ಟರ್‌ಗಳ ಮೈಗೆ ತಾಗಿಸಿ ಕಟ್ಟಿ. ಟ್ರಾನ್ಸಿಸ್ಟರ್ ಒಂದು ಡಿಗ್ರಿ ಬಿಸಿಯಾದರೆ ಅದಕ್ಕೆ ಬೇಕಾದ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಇನ್ನೂ ಬಿಸಿಯಾಗುತ್ತದೆ. ಡಯೋಡೂ ಜೊತೆಗೇ ಬಿಸಿಯಾದರೆ ಅದರ ವೋಲ್ಟೇಜೂ ಇಳಿದು ಕರೆಂಟನ್ನು ಹಿಡಿತದಲ್ಲಿಡುತ್ತದೆ. ಹಾಡು ಹಾಕದೆ 4.7 ಓಮ್ ಮೇಲೆ ಮೀಟರ್ ಇಡಿ. 47 ಮಿಲಿವೋಲ್ಟ್ ಬಂದರೆ 10 ಮಿಲಿಆಂಪ್, ನಿಮ್ಮ ಕೆಲಸಕ್ಕೆ ಸಾಕು. ಕೊಳಲು ಆಗ ಹಾಕಿ ಕೇಳಿ, ಎಷ್ಟು ನಯ ಅಂತ ಗೊತ್ತಾಗುತ್ತದೆ.

ಕಾಲುಗಳನ್ನೂ ನೋಡಿಕೊಳ್ಳಿ. ಬರಹ ನಿಮ್ಮ ಕಡೆ ಇಟ್ಟರೆ ಬಿಡಿ139ಕ್ಕೆ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಬಿಸಿ547ಕ್ಕೆ ಕಲೆಕ್ಟರ್, ಬೇಸ್, ಎಮಿಟರ್.

ಮೂಡಿಗೆರೆಯವರು:
ನಮ್ಮ ಕಡೆ ಮಳೆಗಾಲದ ತೇವಕ್ಕೆ ವಾಲ್ಯೂಮ್ ಪಾಟ್ (ಸದ್ದು ಏರಿಸಿ ಇಳಿಸಲು ತಿರುಗಿಸುವ ರೆಸಿಸ್ಟರ್) ಬೇಗ ಕರಕರ ಅನ್ನುತ್ತದೆ. ಮುಚ್ಚಿದ ಪಾಟ್ ತಗೊಳ್ಳಿ, 10ಕೆ (10,000 ಓಮ್), ಲಾಗ್ ಟೈಪ್, ಅಂದರೆ ಕಿವಿಗೆ ಸದ್ದು ಸಮನಾಗಿ ಏರುವಂಥದ್ದು. ಲೀನಿಯರ್ ಹಾಕಿದರೆ ಸ್ವಲ್ಪ ತಿರುಗಿಸಿದ ಕೂಡಲೇ ಸದ್ದು ಜಾಸ್ತಿ ಆಗಿಬಿಡುತ್ತದೆ.

ಚಿಕ್ಕಮಗಳೂರಿನಿಂದ:
ಔಟ್‌ಪುಟ್ ಕೆಪಾಸಿಟರ್ ಎಷ್ಟು ಅಂತ ನೀವು ಹೇಳಿಲ್ಲ. 32 ಓಮ್‌ಗೆ 100 ಮೈಕ್ರೋಫ್ಯಾರಡ್ ಸಾಲದು, 50 ಹರ್ಟ್ಸ್ ಹತ್ತಿರವೇ ತಗ್ಗಿನ ಸ್ವರ (ಬಾಸ್) ಇಳಿಯತೊಡಗುತ್ತದೆ. 470 ಹಾಕಿದರೆ ಸುಮಾರು 11 ಹರ್ಟ್ಸ್‌ವರೆಗೆ ಹೋಗುತ್ತದೆ. ಪ್ಲಸ್ ಕಾಲು ಟ್ರಾನ್ಸಿಸ್ಟರ್ ಕಡೆಗಿರಲಿ, ಅಲ್ಲಿ ಸುಮಾರು 6 ವೋಲ್ಟ್ ಇರುತ್ತದೆ. ಸಾಕೆಟ್‌ಗೆ ಅಡ್ಡಲಾಗಿ 1ಕೆ ರೆಸಿಸ್ಟರ್ ಹಾಕಿ.

ದಯವಿಟ್ಟು ಒಂದು ಮಾತು ಕೇಳಿ: ಸ್ವಿಚ್ ಹಾಕಿದ ಮೇಲೆ ಸಾಕೆಟ್‌ನಲ್ಲಿ ಡಿಸಿ ವೋಲ್ಟ್ ಅಳೆಯಿರಿ. ಮುಳ್ಳು ಒಮ್ಮೆ ಏರಿ ಸೊನ್ನೆಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಕೆಪಾಸಿಟರ್ ಸೋರುತ್ತಿದೆ ಅಥವಾ ತಿರುಗಾಮುರುಗಾ ಆಗಿದೆ. ಅದು ಸರಿಯಾಗುವವರೆಗೆ ಹೆಡ್‌ಫೋನ್ ಚುಚ್ಚಬೇಡಿ.