ಮಕ್ಕಳ ಕಲ್ಯಾಣ ಸಮಿತಿಯ ವರದಿ ತಂದೆತಾಯಿಗೆ ಸಿಗುತ್ತಾ?

ಪ್ರಶ್ನೆ: ಶಿವಮೊಗ್ಗದಲ್ಲಿ ಸಮಿತಿ (ರಕ್ಷಣೆ, ಪೋಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಜಿಲ್ಲಾ ಸಮಿತಿ) ಮಗುವನ್ನು ಬಾಲಮಂದಿರಕ್ಕೆ ಕಳಿಸಿದರೆ, ಸಾಮಾಜಿಕ ತನಿಖಾ ವರದಿಯ (ಮಗುವಿನ ಮನೆ, ಪರಿಸ್ಥಿತಿ ವಿಚಾರಿಸಿ ಬರೆದ ವರದಿ) ನಕಲು ಕೇಳಬಹುದಾ?

ಉತ್ತರ 1: ಕೇಳಬಹುದು ಸರ್, ಆದರೆ ಪೂರ್ತಿ ವರದಿ ಹಕ್ಕಿನಿಂದ ಸಿಗಲ್ಲ. ಬಾಲ ನ್ಯಾಯ ಕಾಯ್ದೆ 2015ರ ಕಲಂ 99ರ ಪ್ರಕಾರ ಅದು ಗೋಪ್ಯ. ಸಮಿತಿಗೆ ಸರಿ ಅನ್ನಿಸಿದರೆ ಸಾರಾಂಶ ತಿಳಿಸಿ, ಸಾಕ್ಷ್ಯ ಕೊಡಲು ಅವಕಾಶ ಕೊಡಬಹುದು. ಬರೀ 'ಫೈಲ್ ಕೊಡಿ' ಅಂದರೆ ಅರ್ಜಿ ನಿಲ್ಲಲ್ಲ. 'ಕಲಂ 99ರಡಿ ವರದಿಯ ಸಾರಾಂಶ ಮತ್ತು ಸಾಕ್ಷ್ಯಕ್ಕೆ ಅವಕಾಶ' ಅಂತಲೇ ಬರೆಯಿರಿ. ಎರಡು ಪ್ರತಿ ಒಯ್ಯಿರಿ, ನಿಮ್ಮದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ಉತ್ತರ 2: ಅದಕ್ಕೂ ಮೊದಲು, ಮಗುವನ್ನು ಬಾಲಮಂದಿರಕ್ಕೆ ಕಳಿಸಿದ ಸಮಿತಿಯ ಆದೇಶದ ನಕಲು ತಗೊಳ್ಳಿ. ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಅದೂ ಆದೇಶದ ತಾರೀಖಿನಿಂದ. ಆಗುಂಬೆ ಮಳೆ ನಿಲ್ಲಲಿ ಅಂತ ಕೂತರೆ ಕಷ್ಟ. ತಡವಾದರೆ ಕಾರಣ ಬರೆದು, ತಡವನ್ನು ಮನ್ನಿಸಿ ಅಂತ ಕೇಳಬೇಕು.

ಉತ್ತರ 3: ಸಿಕ್ಕಿದ್ದನ್ನು ವಾಟ್ಸಾಪ್‌ ಗುಂಪಿಗೆ ಹಾಕಬೇಡಿ ಮಾರಾಯ್ರೆ. ಮಗುವಿನ ಗುರುತು ಬಯಲು ಮಾಡಿದರೆ ಕಲಂ 74ರಡಿ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.